ಕೂಲಿಂಗ್ ಇಲ್ಲದ್ದು ಕೊಡಿ, ಮಗುವಿಗೆ

ಬೇಸಿಗೆಯ ಸಂಜೆ ಯಾವ ಊರಿನ ಬಸ್ ನಿಲ್ದಾಣದ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: "ಅಣ್ಣಾ, ಹತ್ತು ರೂಪಾಯಿದು ಒಂದು ಕೂಲ್‌ಡ್ರಿಂಕ್ಸ್ ಕೊಡಿ. ಕೂಲಿಂಗ್ ಇಲ್ಲದ್ದು ಕೊಡಿ, ಮಗುವಿಗೆ." ಅಂಗಡಿಯವರು ಫ್ರಿಜ್ಜು ಬಿಟ್ಟು ಹೊರಗೆ ಜೋಡಿಸಿಟ್ಟ ಕ್ರೇಟಿನಿಂದ ಒಂದು ಬಾಟಲಿ ತೆಗೆದು ಕೊಡುತ್ತಾರೆ. ಕಂಕುಳಲ್ಲಿರುವ ಎರಡೂವರೆ ವರ್ಷದ ಕೂಸು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತದೆ.

ಆ ತಾಯಿಗೆ ಕಾಳಜಿ ಇಲ್ಲ ಎನ್ನಲು ಯಾರಿಗೂ ಬಾಯಿ ಬರದು. ಕಾಳಜಿ ಇದ್ದುದಕ್ಕೇ ಅವರು ತಣ್ಣಗಿರುವುದನ್ನು ಬೇಡವೆಂದರು. ತಂಪು ಕುಡಿದರೆ ಮಗುವಿಗೆ ನೆಗಡಿಯಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ ಎಂದು ಅವರ ಅಮ್ಮ ಹೇಳಿದ್ದರು, ಅಜ್ಜಿ ಹೇಳಿದ್ದರು. ನೆಗಡಿ ಬರುವುದು ವೈರಸ್‌ನಿಂದ, ಬಾಟಲಿಯ ತಣುಪಿನಿಂದಲ್ಲ. ಆ ಬಾಟಲಿಯಿಂದ ಮಗುವಿಗೆ ಆಗುವ ಕೇಡು ಬೇರೆಯೇ ಇದೆ. ಅದು ಫ್ರಿಜ್ಜಿನಲ್ಲಿಟ್ಟರೂ ಅಷ್ಟೇ, ಹೊರಗಿಟ್ಟರೂ ಅಷ್ಟೇ. ಅದನ್ನು ಆ ತಾಯಿಗೆ ಬಿಡಿಸಿ ಹೇಳಿದವರಿಲ್ಲ.

ಚಿಕ್ಕ ಮಕ್ಕಳಿಗೆ ಗ್ಯಾಸ್ ತುಂಬಿದ ಸಿಹಿ ಪಾನೀಯ ಕೊಡಬಹುದೇ ಎಂದು ಕೇಳಿದರೆ ನನ್ನ ಉತ್ತರ ನೇರವಾಗಿದೆ. ಐದು ವರ್ಷ ತುಂಬುವವರೆಗೆ ಕೊಡಬಾರದು. ಹಬ್ಬಕ್ಕೂ ಬೇಡ, ಹಟಕ್ಕೂ ಬೇಡ. ಇದು ನನ್ನೊಬ್ಬನ ಮಾತಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2019ರಲ್ಲಿ ಹೊರತಂದ ಮಾರ್ಗಸೂಚಿ ಐದು ವರ್ಷದೊಳಗಿನವರಿಗೆ ಕೂಲ್‌ಡ್ರಿಂಕ್ಸ್ ಬೇಡ, ಅದರ ಜೊತೆಗೆ ಟೀ, ಕಾಫಿಯೂ ಬೇಡ ಎನ್ನುತ್ತದೆ. ಅಮೆರಿಕದ ಮಕ್ಕಳ ತಜ್ಞರು, ಹೃದ್ರೋಗ ತಜ್ಞರು, ದಂತವೈದ್ಯರು ಮತ್ತು ಆಹಾರ ತಜ್ಞರ ನಾಲ್ಕು ಸಂಸ್ಥೆಗಳು ಅದೇ ವರ್ಷ ಒಟ್ಟಾಗಿ ಹೇಳಿದ್ದೂ ಇದನ್ನೇ: ಆ ವಯಸ್ಸಿನ ಮಗು ಕುಡಿಯಬೇಕಾದದ್ದು ಮುಖ್ಯವಾಗಿ ಎರಡು, ನೀರು ಮತ್ತು ಸಪ್ಪೆ ಹಾಲು.

ಯಾಕೆ ಎಂಬುದಕ್ಕೆ ಮೊದಲು ಬಾಟಲಿಯ ಹಿಂಬದಿಯ ಸಣ್ಣ ಅಕ್ಷರ ಓದೋಣ. ಸಾಮಾನ್ಯ ಕೋಲಾದಲ್ಲಿ 100 ಮಿ.ಲೀ.ಗೆ ಹತ್ತರಿಂದ ಹನ್ನೊಂದು ಗ್ರಾಂ ಸಕ್ಕರೆ ಇರುತ್ತದೆ. ಹತ್ತು ರೂಪಾಯಿಯ 200 ಮಿ.ಲೀ. ಬಾಟಲಿಯೆಂದರೆ ಇಪ್ಪತ್ತೊಂದು ಗ್ರಾಂ ಆಯಿತು. ಒಂದು ಸಮ ಟೀ ಚಮಚಕ್ಕೆ ನಾಲ್ಕು ಗ್ರಾಂ ಸಕ್ಕರೆ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಐದು ಚಮಚ. ಒಂದು ಲೋಟ ನೀರಿಗೆ ಐದು ಚಮಚ ಸಕ್ಕರೆ ಕಲಸಿ ಮಗುವಿಗೆ ಕುಡಿಸಿ ಎಂದರೆ ಯಾವ ತಾಯಿಯೂ ಒಪ್ಪುವುದಿಲ್ಲ. ಆದರೆ ಅದೇ ನೀರಿಗೆ ಹುಳಿ ಸೇರಿಸಿ, ಗ್ಯಾಸ್ ತುಂಬಿದರೆ ಸಿಹಿಯ ಗಾಢತೆ ನಾಲಗೆಗೆ ತಿಳಿಯದಂತೆ ಮರೆಯಾಗುತ್ತದೆ. ಕೋಲಾದಲ್ಲಿ ಫಾಸ್ಫರಿಕ್ ಆಮ್ಲ, ನಿಂಬೆ ಕಿತ್ತಳೆ ರುಚಿಯವುಗಳಲ್ಲಿ ಸಿಟ್ರಿಕ್ ಆಮ್ಲ ಆ ಕೆಲಸ ಮಾಡುತ್ತವೆ.

ಮಗುವಿನ ಲೆಕ್ಕ ಇನ್ನೊಂದು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು ಸಾವಿರ ಕಿಲೋಕ್ಯಾಲೊರಿ ಸಾಕು ಎಂದು ನಮ್ಮದೇ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ, ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 10 ಮೀರಬಾರದು, ಶೇ 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಶೇ 5 ಎಂದರೆ ಈ ಮಗುವಿಗೆ ಮೂರು ಚಮಚ. ಬಾಟಲಿಯಲ್ಲಿರುವುದು ಐದು. ಬೆಳಿಗ್ಗೆ ಹಾಲಿಗೆ ಹಾಕಿದ್ದು, ಮಧ್ಯಾಹ್ನದ ಬಿಸ್ಕತ್ತಿನದ್ದು, ಪಕ್ಕದ ಮನೆಯವರು ಕೈಗಿಟ್ಟ ಚಾಕೊಲೇಟಿನದ್ದು ಇನ್ನೂ ಸೇರಿಸಿಲ್ಲ. ಎರಡು ವರ್ಷ ತುಂಬದ ಮಗುವಿಗಂತೂ ಮೇಲಿನಿಂದ ಸೇರಿಸಿದ ಸಕ್ಕರೆಯೇ ಬೇಕಿಲ್ಲ.

ಸಕ್ಕರೆಯ ವಿಷಯ ಬಂದ ಕೂಡಲೇ ನಮ್ಮ ಮಾತು ಬೊಜ್ಜಿನ ಕಡೆಗೆ ಹೊರಳುತ್ತದೆ. "ನಮ್ಮ ಪಾಪು ಸಣಕಲ, ಸ್ವಲ್ಪ ಸಿಹಿ ಹೊಟ್ಟೆಗೆ ಹೋದರೆ ಮೈಗೆ ಹತ್ತಲಿ ಬಿಡಿ" ಎನ್ನುವವರು ಎಷ್ಟೋ ಮಂದಿ. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಈ ಸಣಕಲ ಪಾಪುವೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನವರಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಎತ್ತರಕ್ಕೆ ತಕ್ಕದ್ದಕ್ಕಿಂತ ಹೆಚ್ಚು ತೂಕದ ಮಕ್ಕಳು ನೂರಕ್ಕೆ ಮೂವರು ಮಾತ್ರ. ಮೂರರಲ್ಲಿ ಇಬ್ಬರು ಮಕ್ಕಳಿಗೆ ರಕ್ತಹೀನತೆಯಿರುವ ರಾಜ್ಯದಲ್ಲಿ ಕೂಲ್‌ಡ್ರಿಂಕ್ಸ್ ಬರೀ ಉಳ್ಳವರ ಮನೆಯ ಡುಮ್ಮ ಮಕ್ಕಳ ಸಮಸ್ಯೆ ಎಂದುಕೊಂಡರೆ ನಾವು ಪೂರಾ ತಪ್ಪು ಕಡೆ ನೋಡುತ್ತಿದ್ದೇವೆ.

ಮಗುವಿನ ಹೊಟ್ಟೆ ಎಷ್ಟು ದೊಡ್ಡದು ಹೇಳಿ? ಒಂದು ಹೊತ್ತಿಗೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಹಿಡಿಸುತ್ತದೆ ಎಂದು ಶಿಶು ಆಹಾರ ತಜ್ಞರು ಲೆಕ್ಕವಿಡುತ್ತಾರೆ. ಹನ್ನೆರಡು ಕೆ.ಜಿ.ಯ ಮಗುವಿಗೆ 360 ಮಿ.ಲೀ. ಆಯಿತು. ಸಂಜೆ ಐದಕ್ಕೆ 200 ಮಿ.ಲೀ. ಬಾಟಲಿ ಖಾಲಿ ಮಾಡಿದ ಮಗು ಏಳಕ್ಕೆ ಮುದ್ದೆ ಸಾರು ಬೇಡವೆನ್ನುವುದು ಹಟದಿಂದಲ್ಲ. ಅದಕ್ಕೆ ನಿಜವಾಗಿಯೂ ಹಸಿವಿಲ್ಲ. ಆ ಬಾಟಲಿಯಿಂದ ಅದಕ್ಕೆ ಎಂಬತ್ತರಷ್ಟು ಕಿಲೋಕ್ಯಾಲೊರಿ ಸಿಕ್ಕಿತು. ಪ್ರೋಟೀನ್ ಇಲ್ಲ, ಕಬ್ಬಿಣ ಇಲ್ಲ, ಸುಣ್ಣದಂಶ ಇಲ್ಲ. ತಪ್ಪಿದ ಆ ಒಂದು ಊಟದಲ್ಲಿ ಎಲ್ಲವೂ ಇತ್ತು. ರಾಗಿಯ ನೂರು ಗ್ರಾಂನಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಬಸ್ಸಾರಿನ ಸೊಪ್ಪು, ಕಾಳು, ಒಂದು ಮೊಟ್ಟೆ ಇವೆಲ್ಲ ಆ ವಯಸ್ಸಿನ ಮೂಳೆಗೆ, ರಕ್ತಕ್ಕೆ, ಮಿದುಳಿಗೆ ಬೇಕು. ಚೆನ್ನಾಗಿ ಉಣ್ಣುವ ಮನೆಯ ಮಗುವಿಗೆ ಒಂದು ಊಟ ತಪ್ಪಿದರೆ ನಾಳೆ ತುಂಬಿಕೊಳ್ಳಬಹುದು. ದಿನಕ್ಕೆ ಎರಡೇ ಊಟ ಸರಿಯಾಗಿ ಸಿಗುವ ಮಗುವಿಗೆ ತುಂಬಿಕೊಳ್ಳುವ ದಾರಿ ಯಾವುದು? ಬಡವರ ಮಗುವಿನ ಹಸಿವು ಬಹಳ ಬೆಲೆಯುಳ್ಳದ್ದು. ಅದನ್ನು ಬಣ್ಣದ ನೀರಿನಿಂದ ಕೆಡಿಸಬಾರದು.

ನಮ್ಮ ಸರ್ಕಾರಿ ಶಾಲೆ ಮತ್ತು ಅಂಗನವಾಡಿಗಳಲ್ಲಿ 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಿದ್ದೇವೆ, ಮಗುವಿಗೆ 150 ಮಿ.ಲೀ.ಯಂತೆ. ಮೊಟ್ಟೆ, ಬಾಳೆಹಣ್ಣು, ರಾಗಿ ಮಾಲ್ಟ್ ಆಮೇಲೆ ಸೇರಿಕೊಂಡವು. ಒಂದು ಲೋಟ ಹಾಲು ಮಗುವಿನ ಹೊಟ್ಟೆ ಸೇರಲಿ ಎಂದು ರಾಜ್ಯ ಇಷ್ಟೆಲ್ಲ ಹಣ, ಶ್ರಮ ಹಾಕುತ್ತಿದೆ. ಗೇಟಿನಾಚೆಯ ಅಂಗಡಿಯಲ್ಲಿ ಆ ಹಾಲಿನ ಜಾಗವನ್ನು ಕಿತ್ತುಕೊಳ್ಳುವ ಬಾಟಲಿ ಹತ್ತು ರೂಪಾಯಿಗೆ ಸಿಗುತ್ತದೆ. ಅದೇ ಹತ್ತು ರೂಪಾಯಿಗೆ ಒಂದು ಮೊಟ್ಟೆ ಬರುತ್ತದೆ ಎಂಬುದನ್ನು ಅಪ್ಪ ಅಮ್ಮಂದಿರು ದಯವಿಟ್ಟು ಯೋಚಿಸಬೇಕು.

ಇನ್ನು ತೂಕದ ಮಾತು. ಕುಡಿದ ಸಕ್ಕರೆ ತಿಂದ ಸಕ್ಕರೆಯಂತೆ ಹೊಟ್ಟೆ ತುಂಬಿಸುವುದಿಲ್ಲ. ದೊಡ್ಡ ಮಕ್ಕಳು, ಹೆಚ್ಚು ಊಟ ಸಿಗುವ ಮಕ್ಕಳು ಅದನ್ನೂ ಕುಡಿದು ಊಟವನ್ನೂ ಮಾಡುತ್ತಾರೆ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ಸುತ್ತಿನ ಶಾಲೆಗಳಲ್ಲಿ ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿದರು. 641 ಮಕ್ಕಳು, ಹೆಚ್ಚುಕಮ್ಮಿ ಐದರಿಂದ ಹನ್ನೆರಡು ವರ್ಷದವರು. ಹದಿನೆಂಟು ತಿಂಗಳು ದಿನಕ್ಕೊಂದು 250 ಮಿ.ಲೀ. ಡಬ್ಬಿ. ಅರ್ಧ ಮಕ್ಕಳಿಗೆ ಸಕ್ಕರೆಯದ್ದು, ಅರ್ಧ ಮಕ್ಕಳಿಗೆ ಸಕ್ಕರೆ ಇಲ್ಲದ್ದು. ಯಾರದ್ದು ಯಾವುದೆಂದು ಮಕ್ಕಳಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. 2012ರಲ್ಲಿ ಫಲಿತಾಂಶ ಬಂತು. ಸಕ್ಕರೆಯದ್ದು ಕುಡಿದವರ ತೂಕ ಸರಾಸರಿ 7.37 ಕೆ.ಜಿ. ಏರಿತ್ತು, ಉಳಿದವರದ್ದು 6.35 ಕೆ.ಜಿ. ದಿನಕ್ಕೊಂದು ಸಣ್ಣ ಡಬ್ಬಿಯಿಂದ ಒಂದು ಕೆ.ಜಿ. ವ್ಯತ್ಯಾಸ, ಒಂದೂವರೆ ವರ್ಷದಲ್ಲಿ.

ಎಳವೆಯ ಸಕ್ಕರೆ ಎಷ್ಟು ದೂರ ಹಿಂಬಾಲಿಸುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಅಧ್ಯಯನ ಇನ್ನೂ ಗಟ್ಟಿ ಸಾಕ್ಷಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸಕ್ಕರೆಗೆ ಪಡಿತರವಿತ್ತು, ಅದು ಮುಗಿದದ್ದು 1953ರ ಸೆಪ್ಟೆಂಬರ್‌ನಲ್ಲಿ. ಮುಗಿದದ್ದೇ ತಡ, ಜನ ತಿನ್ನುವ ಸಕ್ಕರೆ ಸುಮಾರು ಎರಡು ಪಟ್ಟಾಯಿತು. ಪಡಿತರ ಮುಗಿಯುವ ಸ್ವಲ್ಪ ಮುಂಚೆ ಹುಟ್ಟಿದವರು, ಸ್ವಲ್ಪ ಆಮೇಲೆ ಹುಟ್ಟಿದವರು ಮತ್ತೆಲ್ಲದರಲ್ಲೂ ಒಂದೇ ಬಗೆಯವರು. ಗರ್ಭ ನಿಂತಂದಿನಿಂದ ಮೊದಲ ಸಾವಿರ ದಿನಗಳಲ್ಲಿ ಸಿಕ್ಕ ಸಕ್ಕರೆಯೊಂದು ಬೇರೆ. ಅವರೆಲ್ಲ ಮುದುಕರಾದ ಮೇಲೆ ಸಂಶೋಧಕರು ಆರೋಗ್ಯದ ದಾಖಲೆ ತೆಗೆದು ನೋಡಿದರು. ಗರ್ಭದಲ್ಲೂ ಎಳವೆಯಲ್ಲೂ ಕಡಿಮೆ ಸಕ್ಕರೆ ಕಂಡವರಿಗೆ ಎರಡನೇ ಬಗೆಯ ಮಧುಮೇಹದ ಅಪಾಯ ಸುಮಾರು ಶೇ 35ರಷ್ಟು, ರಕ್ತದೊತ್ತಡದ ಅಪಾಯ ಸುಮಾರು ಶೇ 20ರಷ್ಟು ಕಡಿಮೆ ಇತ್ತು. 2024ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಗಳು. ಮಧುಮೇಹ ಇಲ್ಲದ ಕುಟುಂಬವನ್ನು ಹುಡುಕಬೇಕಾದ ಸ್ಥಿತಿ ನಮ್ಮದು. ಅಜ್ಜನಿಗೆ ಇನ್ಸುಲಿನ್, ಅಪ್ಪನಿಗೆ ಮಾತ್ರೆ ನಡೆಯುತ್ತಿರುವ ಮನೆಯಲ್ಲೇ ಮೊಮ್ಮಗುವಿನ ಕೈಗೆ ಬಾಟಲಿ ಕೊಡುತ್ತಿದ್ದೇವೆ.

ಹಲ್ಲಿನ ವಿಷಯ ಹೇಳಿದರೆ ಜನ ಕೂಡಲೇ ಒಪ್ಪುತ್ತಾರೆ, ಆದರೆ ಅರ್ಧ. "ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ" ಎನ್ನುತ್ತಾರೆ. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳಬಹುದು, ಹಿಂದಿನ ದವಡೆಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕು. ಶಾಶ್ವತ ಹಲ್ಲು ನೆಟ್ಟಗೆ ಬರಲು ಜಾಗ ಹಿಡಿದಿಟ್ಟಿರುವುದು ಅವೇ. ಬಾಯಿಯ ಆಮ್ಲೀಯತೆಯನ್ನು ಅಳೆಯುವ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚ ಕರಗತೊಡಗುತ್ತದೆ. ಕೋಲಾದ ಪಿಎಚ್ ಸುಮಾರು 2.5. ಹಾಲುಹಲ್ಲಿನ ಕವಚ ದೊಡ್ಡವರದ್ದಕ್ಕಿಂತ ತೆಳು. ಪಾನೀಯದ ಆಮ್ಲ ಒಂದು ಕಡೆಯಾದರೆ, ಸಕ್ಕರೆ ತಿಂದ ಬಾಯಿಯ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಆಮ್ಲ ಇನ್ನೊಂದು ಕಡೆ. ಜೊಲ್ಲು ಇದನ್ನು ಸರಿಪಡಿಸುತ್ತದೆ, ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ಮಗು ಒಂದೇ ಬಾಟಲಿಯನ್ನು ಎರಡು ತಾಸು ಹಿಡಿದುಕೊಂಡು ಚಪ್ಪರಿಸುತ್ತಾ ಕೂತರೆ ಜೊಲ್ಲಿಗೆ ಆ ಅವಕಾಶವೇ ಸಿಗುವುದಿಲ್ಲ. ಹಲ್ಲುನೋವಿನಿಂದ ರಾತ್ರಿಯಿಡೀ ಅಳುವ ನಾಲ್ಕು ವರ್ಷದ ಮಗುವನ್ನು ಎತ್ತಿಕೊಂಡು ಓಡಾಡಿದವರಿಗೆ ಇದರ ಕಷ್ಟ ಗೊತ್ತು.

ಕೋಲಾದಲ್ಲಿ ಕೆಫೀನ್ ಕೂಡ ಇದೆ, 200 ಮಿ.ಲೀ.ಗೆ ಸುಮಾರು 20 ಮಿಲಿಗ್ರಾಂ. ಮಕ್ಕಳಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂ ಮೀರಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುತ್ತದೆ. ಕೋಲಾಕ್ಕಿಂತ ನನಗೆ ಭಯ ಹುಟ್ಟಿಸುವುದು ಇಪ್ಪತ್ತು ರೂಪಾಯಿಯ ಕೆಂಪು, ನೀಲಿ ಬಾಟಲಿಗಳ ಎನರ್ಜಿ ಡ್ರಿಂಕ್. ನಿಯಮದ ಪ್ರಕಾರ ಅದರಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. 250 ಮಿ.ಲೀ. ಬಾಟಲಿಯೊಂದರಲ್ಲಿ 75 ಮಿಲಿಗ್ರಾಂ ಎಂದಿಟ್ಟುಕೊಳ್ಳಿ, ಇಪ್ಪತ್ತು ಕೆ.ಜಿ. ತೂಗುವ ಒಂದನೇ ತರಗತಿಯ ಮಗುವಿಗೆ ಒಂದೇ ಬಾಟಲಿಯಲ್ಲಿ ಮಿತಿ ದಾಟಿತು. ಇದು ಮಕ್ಕಳಿಗಲ್ಲ ಎಂದು ಬಾಟಲಿಯ ಮೇಲೆಯೇ ಬರೆದಿರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಬಹುತೇಕ ಇಂಗ್ಲಿಷಿನಲ್ಲಿ. ಅಂಗಡಿಯವರು ಅದನ್ನು ಓದಿರುವುದಿಲ್ಲ. ಅಣ್ಣ ಕುಡಿಯುತ್ತಾನೆಂದು ತಮ್ಮನೂ ಕೇಳುತ್ತಾನೆ. ಯಾವ ವಯಸ್ಸಿನ ಮಕ್ಕಳಿಗೂ ಇದು ಸಲ್ಲದು. ಇದರಲ್ಲಿ ಎರಡು ಮಾತೇ ಇಲ್ಲ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕಾಗಿದೆ, ಏಕೆಂದರೆ ಇದರಲ್ಲಿ ಜೀವದ ಪ್ರಶ್ನೆಯಿದೆ. ಮಗುವಿಗೆ ವಾಂತಿ ಭೇದಿಯಾದಾಗ "ಸ್ವಲ್ಪ ಸೋಡಾ ಕುಡಿಸಿ, ಹೊಟ್ಟೆ ಸರಿಹೋಗುತ್ತೆ" ಎಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಿಹಿ ಪಾನೀಯದಲ್ಲಿ ಸಕ್ಕರೆ ಅತಿಯಾಗಿದೆ, ಮಗು ಕಳೆದುಕೊಳ್ಳುತ್ತಿರುವ ಉಪ್ಪಿನಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕರುಳಿಗೆ ಇಳಿದ ಗಾಢ ಸಕ್ಕರೆ ದೇಹದ ನೀರನ್ನು ಕರುಳಿನೊಳಕ್ಕೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಇಂಥ ಹೊತ್ತಿನಲ್ಲಿ ಕುಡಿಸಬೇಕಾದ, ವಿಶ್ವ ಆರೋಗ್ಯ ಸಂಸ್ಥೆಯ ಒಆರ್‌ಎಸ್‌ನಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತದೆ. ಆ ಪ್ರಮಾಣದಲ್ಲಿ ಗ್ಲುಕೋಸು ಉಪ್ಪನ್ನೂ ನೀರನ್ನೂ ಜೊತೆಗೆ ಕರೆದುಕೊಂಡು ಕರುಳಿನಿಂದ ರಕ್ತಕ್ಕೆ ಹೋಗುತ್ತದೆ. ಕೋಲಾದಲ್ಲಿ ಲೀಟರಿಗೆ ನೂರು ಗ್ರಾಂ ದಾಟಿದ ಸಕ್ಕರೆ! ಕೆಲವು ಕಂಪನಿಗಳು ಸಿಹಿ ಪಾನೀಯದ ಪೊಟ್ಟಣದ ಮೇಲೆಯೇ ಒಆರ್‌ಎಸ್ ಎಂದು ಅಚ್ಚು ಹಾಕಿ ಔಷಧಿ ಅಂಗಡಿಯಲ್ಲಿ ಮಾರುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಬಳಸದಂತೆ ಆದೇಶಿಸಿತು. ಒಬ್ಬ ವೈದ್ಯೆಯ ಹಟದಿಂದ ಆದ ಕೆಲಸ ಅದು. ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುವ ಒಆರ್‌ಎಸ್ ಪೊಟ್ಟಣ ಮನೆಯಲ್ಲಿ ಯಾವಾಗಲೂ ಇರಲಿ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಚರ್ಚೆ ಯಾಕೆ ಸಕ್ಕರೆಯನ್ನು ಮುಟ್ಟಲಿಲ್ಲ ಎಂಬುದು ನನ್ನನ್ನು ಕಾಡುವ ಪ್ರಶ್ನೆ. 2003ರ ಆಗಸ್ಟ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಕೂಲ್‌ಡ್ರಿಂಕ್ಸ್‌ನಲ್ಲಿ ಕೀಟನಾಶಕದ ಅಂಶ ಇದೆ ಎಂಬ ವರದಿ ಹೊರಗಿಟ್ಟಿತು. ಸಂಸತ್ತಿನ ಜಂಟಿ ಸಮಿತಿ ಕೂತಿತು. 2006ರಲ್ಲಿ ಎರಡನೇ ವರದಿ ಬಂದಾಗ ಕೇರಳ ಸರ್ಕಾರ ನಿಷೇಧವನ್ನೇ ಹೇರಿತು, ಅಲ್ಲಿನ ಹೈಕೋರ್ಟು ಅದನ್ನು ರದ್ದು ಮಾಡಿತು. ಆ ಹೋರಾಟ ಬೇಕಾಗಿತ್ತು, ಅದರಿಂದ ಒಳ್ಳೆಯದೂ ಆಯಿತು. ಆದರೆ ಊರೆಲ್ಲ ಪ್ರಯೋಗಾಲಯದಲ್ಲಿ ಮಾತ್ರ ಕಾಣುವ ಕಣದ ಬಗ್ಗೆ ಮಾತಾಡಿತೇ ಹೊರತು ನೂರಕ್ಕೆ ಹತ್ತು ಪಾಲು ಇರುವ ಸಕ್ಕರೆಯ ಬಗ್ಗೆ ಮಾತಾಡಲಿಲ್ಲ. ವಿವಾದ ತಣ್ಣಗಾದ ಮೇಲೆ "ಈಗ ಕ್ಲೀನ್ ಆಗಿದೆ" ಎಂಬ ಭಾವನೆ ಉಳಿಯಿತು. ಗ್ಯಾಸಿನ ಬಗೆಗಿನ ಹೆದರಿಕೆಯೂ ಹಾಗೆಯೇ. ಗುಳ್ಳೆಯಿಂದ ಮಗುವಿಗೆ ಹೊಟ್ಟೆ ಉಬ್ಬರಿಸಬಹುದು, ತೇಗು ಬರಬಹುದು, ಹೆಚ್ಚಿನದೇನೂ ಆಗುವುದಿಲ್ಲ. ಕೋಲಾ ಮೂಳೆ ಕರಗಿಸುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವುದೂ ಅಷ್ಟು ನೇರವಾದ ಸತ್ಯವಲ್ಲ; ಮಗು ಹಾಲು ಬಿಟ್ಟು ಅದನ್ನು ಕುಡಿಯುವುದರಿಂದ ಮೂಳೆ ಸೊರಗುತ್ತದೆ. ತಪ್ಪು ಕಾರಣ ಹೇಳಿ ಹೆದರಿಸಿದರೆ ಜನ ಒಂದು ದಿನ ಅದು ಸುಳ್ಳೆಂದು ತಿಳಿದು ನಿಜವಾದ ಕಾರಣವನ್ನೂ ನಂಬದೆ ಹೋಗುತ್ತಾರೆ.

ಸರ್ಕಾರದ ತೆರಿಗೆಯೂ ಗುಳ್ಳೆಯನ್ನೇ ನೋಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಗ್ಯಾಸ್ ತುಂಬಿದ ಪಾನೀಯಕ್ಕೆ ಶೇ 40 ಜಿಎಸ್‌ಟಿ ಇದೆ. ಸಕ್ಕರೆ ತುಂಬಿದ್ದರೂ ಅಷ್ಟೇ, ಒಂದು ಕಾಳು ಸಕ್ಕರೆ ಇಲ್ಲದಿದ್ದರೂ ಅಷ್ಟೇ. ಕೋಲಾದಷ್ಟೇ ಸಕ್ಕರೆಯಿರುವ, ಗ್ಯಾಸ್ ಇಲ್ಲದ ಮಾವಿನ ಪಾನೀಯದ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಬ್ರಿಟನ್ 2018ರ ಏಪ್ರಿಲ್‌ನಿಂದ ಬೇರೆ ದಾರಿ ಹಿಡಿದಿದೆ. ಅಲ್ಲಿ 100 ಮಿ.ಲೀ.ಗೆ 5 ಗ್ರಾಂ ಸಕ್ಕರೆ ದಾಟಿದರೆ ಒಂದು ದರ, 8 ಗ್ರಾಂ ದಾಟಿದರೆ ಅದಕ್ಕಿಂತ ಹೆಚ್ಚಿನ ದರ. ತೆರಿಗೆ ತಪ್ಪಿಸಿಕೊಳ್ಳಲು ಕಂಪನಿಗಳೇ ಪೈಪೋಟಿಯಲ್ಲಿ ಸಕ್ಕರೆ ಇಳಿಸಿದವು, ಎಷ್ಟೋ ಕಂಪನಿಗಳು ಕಾನೂನು ಜಾರಿಗೆ ಬರುವ ಮೊದಲೇ. ನಾವೂ ಸಕ್ಕರೆಯ ತೂಕ ನೋಡಿ ತೆರಿಗೆ ಹಾಕುವುದು ಸರಿಯಾದ ಕ್ರಮ.

ಈ ಮಾವಿನ ಪಾನೀಯದ ಮಾತು ಬಂದದ್ದರಿಂದ ಹೇಳುತ್ತೇನೆ. "ಕೋಲಾ ಕೊಡಲ್ಲಪ್ಪ, ಜ್ಯೂಸ್ ಕೊಡ್ತೀವಿ" ಎನ್ನುವವರು ಪೊಟ್ಟಣ ತಿರುಗಿಸಿ ಓದಬೇಕು. ಜೀರಾ ಸೋಡಾಕ್ಕೂ ಇದೇ ಮಾತು. ಜೀರಿಗೆ ಜೀರ್ಣಕ್ಕೆ ಒಳ್ಳೆಯದು ಎಂಬ ನಂಬಿಕೆಯಿಂದ ಮಕ್ಕಳಿಗೂ ಕೊಡುತ್ತಾರೆ; ಜೀರಿಗೆಯ ಜೊತೆ ಸಕ್ಕರೆಯೂ ಇರುತ್ತದೆ. ಮನೆಯ ಪಾನಕದ ಬೆಲ್ಲವೂ ದೇಹದ ಲೆಕ್ಕದಲ್ಲಿ ಸಕ್ಕರೆಯೇ, ಜೇನೂ ಸಕ್ಕರೆಯೇ. ರಾಮನವಮಿಯ ಪಾನಕವನ್ನು ಮಗುವಿಗೆ ತಪ್ಪಿಸಿ ಎಂದು ನಾನು ಹೇಳುತ್ತಿಲ್ಲ, ಅದು ವರ್ಷಕ್ಕೊಮ್ಮೆ ಬರುವ ಒಂದು ಉದ್ಧರಣೆಯ ಪ್ರಸಾದ. ಡಯಟ್ ಎಂದು ಬರೆದದ್ದನ್ನು ಮಕ್ಕಳಿಗೆ ಕೊಡಬೇಡಿ. ಕೃತಕ ಸಿಹಿಯಿಂದ ಮಗುವಿಗೆ ಸಿಗುವುದು ಏನೂ ಇಲ್ಲ, ಸಿಹಿಯ ಚಟ ಮಾತ್ರ ಉಳಿಯುತ್ತದೆ.

ನಮ್ಮ ಹಿರಿಯರೂ ಸೋಡಾ ಕುಡಿದಿದ್ದರಲ್ಲ, ಅವರಿಗೇನಾಯಿತು ಎಂದು ಕೇಳಬಹುದು. ಗೋಲಿ ಸೋಡಾದ ಕಾಲ ನೆನಪಿಸಿಕೊಳ್ಳಿ. ಜಾತ್ರೆಗೋ ಸಂತೆಗೋ ಹೋದಾಗ ಅಂಗಡಿಯ ಮುಂದೆ ನಿಂತು ಕುಡಿದು, ಗಾಜಿನ ಬಾಟಲಿ ಅಲ್ಲೇ ವಾಪಸು ಕೊಟ್ಟು ಬರಬೇಕಿತ್ತು. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟಾಗ ಸರ್ಕಾರ ಅದರ ಬದಲಿಗೆ ತಂದ ಡಬಲ್ ಸೆವೆನ್‌ಗೆ ಸಾರ ತಯಾರಾದದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಅದೂ ಗಾಜಿನ ಬಾಟಲಿಯ ಕಾಲದ್ದೇ. 1993ರಲ್ಲಿ ಕೋಕಾ ಕೋಲಾ ಮರಳಿ ಬಂದ ಮೇಲೆ, ಪ್ಲಾಸ್ಟಿಕ್ ಬಾಟಲಿ ಹಬ್ಬಿದ ಮೇಲೆ ಪಾನೀಯ ಅಂಗಡಿಯ ಮುಂಗಟ್ಟು ಬಿಟ್ಟು ಮನೆಯ ಫ್ರಿಜ್ಜಿನ ಬಾಗಿಲಿಗೆ ಬಂದು ಕೂತಿತು, ಎರಡು ಲೀಟರಿನ ಅಳತೆಯಲ್ಲಿ. ನನ್ನ ಲೆಕ್ಕದಲ್ಲಿ ರುಚಿಗಿಂತ ಜಾಹೀರಾತಿಗಿಂತ ದೊಡ್ಡ ಬದಲಾವಣೆ ಇದೇ. ಗಾಜಿನ ಬಾಟಲಿ ತಾನಾಗಿಯೇ ಒಂದು ಮಿತಿ ಹಾಕುತ್ತಿತ್ತು.

ಹಾಗಾಗಿ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ, ದೊಡ್ಡ ಬಾಟಲಿಯನ್ನು ತರದಿರುವುದು. ಫ್ರಿಜ್ಜಿನಲ್ಲಿಟ್ಟು ಮಗುವಿಗೆ ಬೇಡ ಎನ್ನುವುದು ನ್ಯಾಯವಲ್ಲ. ಅದು ಕಣ್ಣೆದುರೇ ಇರುವಾಗ ಮೂರು ವರ್ಷದ ಜೀವ ಹೇಗೆ ತಡೆದುಕೊಂಡೀತು? ಅಪ್ಪ ಊಟದ ಜೊತೆ ಅದನ್ನು ಕುಡಿಯುತ್ತಾ ಮಗನಿಗೆ ನೀರು ಕೊಟ್ಟರೂ ನಡೆಯುವುದಿಲ್ಲ. ಮಕ್ಕಳ ನಾಲಗೆ ಸಿಹಿಗೆ ಹುಟ್ಟಿನಿಂದಲೇ ಒಲಿದಿರುತ್ತದೆ. ಕಹಿ, ಒಗರು, ಸಪ್ಪೆಯ ರುಚಿಯನ್ನು ಅದು ಕಲಿಯಬೇಕು. ಹೊಸ ತರಕಾರಿಯೊಂದನ್ನು ಮಗು ಒಪ್ಪಿಕೊಳ್ಳಲು ಎಂಟು ಹತ್ತು ಸಲ ಕೊಟ್ಟು ನೋಡಬೇಕಾಗುತ್ತದೆ. ಆ ಕಲಿಕೆ ನಡೆಯುವ ವಯಸ್ಸಿನಲ್ಲೇ ಲೋಟದಲ್ಲಿರುವುದೆಲ್ಲ ಸಿಹಿಯಾಗಿರುತ್ತದೆ ಎಂದು ಕಲಿಸಿಬಿಟ್ಟರೆ ಮಗು ನೀರನ್ನೇ ಬೇಡ ಎನ್ನುತ್ತದೆ. ನೀರು ಕುಡಿಯಲೊಲ್ಲದ ಮಕ್ಕಳು ಈಗಾಗಲೇ ನಮ್ಮ ನಡುವೆ ಇದ್ದಾರೆ.

ಮನೆಯ ಹೊರಗಿನದ್ದು ಹೆಚ್ಚು ಕಷ್ಟ. ನೆಂಟರ ಮನೆಗೆ ಹೋದರೆ ಟ್ರೇಯಲ್ಲಿ ಬರುತ್ತದೆ. ಮದುವೆ ಮಂಟಪದಲ್ಲಿ ಕಾಗದದ ಲೋಟದಲ್ಲಿ ಸುರಿದಿಟ್ಟಿರುತ್ತಾರೆ. ಬೇಡವೆಂದರೆ "ಒಂದು ಗುಟುಕಿಗೆ ಏನಾಗುತ್ತೆ, ಮಗು ಆಸೆಪಡುತ್ತಿದೆ, ಪಾಪ" ಎನ್ನುತ್ತಾರೆ. ಕೊಡುವವರ ಪ್ರೀತಿ ನಿಜ. ಸೊಸೆಯಾದವಳಿಗೆ ಬೇಡ ಎನ್ನಲು ಬಾಯಿಯೂ ಬರುವುದಿಲ್ಲ. "ಅತ್ತೆ, ಪಾಪುಗೆ ಇನ್ನೂ ಅದನ್ನ ರೂಢಿ ಮಾಡಿಲ್ಲ, ಮಜ್ಜಿಗೆ ಇದ್ರೆ ಒಂದು ಲೋಟ ಕೊಡಿ" ಎಂದರೆ ಯಾರಿಗೂ ಬೇಸರವಾಗುವುದಿಲ್ಲ, ಕೊಡುವ ಕೈಗೂ ಕೆಲಸ ಸಿಗುತ್ತದೆ. ಅಜ್ಜ ಅಜ್ಜಿಯರಲ್ಲಿ ನನ್ನದು ಬೇರೆಯೇ ವಿನಂತಿ. ಮೊಮ್ಮಗು ನಿಮ್ಮ ಕೈಯಿಂದ ಬಂದದ್ದನ್ನು ಜೀವಮಾನವೆಲ್ಲ ಇಷ್ಟಪಡುತ್ತದೆ. ಆ ಕೈಯಿಂದ ಎಳನೀರು ಬರಲಿ, ಸೀಬೆಹಣ್ಣಿನ ಹೋಳು ಬರಲಿ, ಕರಾವಳಿಯವರಾದರೆ ಸಿಹಿ ಕಡಿಮೆ ಹಾಕಿದ ಪುನರ್ಪುಳಿ ನೀರು ಬರಲಿ. ಮದುವೆ ಮಾಡುವವರು ಮಕ್ಕಳಿಗೆಂದೇ ಒಂದು ಕೊಳದಪ್ಪಲೆ ನೀರು ಮಜ್ಜಿಗೆ ಇಡಿಸಿದರೆ ಅಡುಗೆಯವರಿಗೆ ಅದೇನೂ ಹೊರೆಯಲ್ಲ.

ಐದು ದಾಟಿದ ಮಕ್ಕಳಿಗೆ? ದಿನನಿತ್ಯದ ಪಾನೀಯವಾಗಿ ಅವರಿಗೂ ಬೇಡ. ಗೆಳೆಯನ ಹುಟ್ಟುಹಬ್ಬದಲ್ಲಿ ಊಟದ ಜೊತೆ ಅರ್ಧ ಲೋಟ ಕುಡಿದು ಬಂದರೆ ಗದರಿಸಬೇಡಿ. ಓದಲು ಬರುವ ವಯಸ್ಸು ಅದು. ಬಾಟಲಿ ಕೈಗೆ ಕೊಟ್ಟು ಎಷ್ಟು ಚಮಚ ಸಕ್ಕರೆ ಇದೆ ಲೆಕ್ಕ ಹಾಕು ಎನ್ನಿ. ನಾಲ್ಕರಿಂದ ಭಾಗಿಸುವುದು ಮೂರನೇ ತರಗತಿಯ ಮಗುವಿಗೆ ಬರುತ್ತದೆ.

ಕಾನೂನು ಕೂಡ ನಿಮ್ಮ ಪರವಾಗಿದೆ. ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮದಂತೆ, ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ತಿಂಡಿ ಪಾನೀಯಗಳನ್ನು ಶಾಲೆಯ ಆವರಣದಲ್ಲಿ ಅಥವಾ ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ. ಈ ನಿಯಮ ಇದೆಯೆಂದು ಗೊತ್ತಿರುವ ಪಾಲಕರು ಕಡಿಮೆ. ಅಂಗಡಿಯವರೊಡನೆ ಜಗಳಕ್ಕೆ ನಿಲ್ಲಬೇಕಾಗಿಲ್ಲ. ಅವರಿಗೂ ಸಂಸಾರವಿದೆ, ಅದೇ ಜಾಗದಲ್ಲಿ ಕಡಲೆಕಾಯಿ, ಬಾಳೆಹಣ್ಣು, ಮಜ್ಜಿಗೆ ಪೊಟ್ಟಣ ಮಾರಿ ಬದುಕಬಹುದು. ನಿಮ್ಮ ಮಗುವಿನ ಶಾಲೆಯ ಗೇಟಿನಿಂದ ಐವತ್ತು ಮೀಟರ್ ಅಳೆದು ನೋಡಿ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ, ಖಾಸಗಿ ಶಾಲೆಯಾದರೆ ಪಾಲಕರ ಸಭೆಯಲ್ಲಿ, ಈ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸಿ. ಸರಿಹೋಗದಿದ್ದರೆ ನಿಮ್ಮ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.